ಕ್ಯಾನ್ಸರ್ ಪೀಡಿತರ ಬದುಕಿನ ಗುಣಮಟ್ಟ ಮತ್ತು ಖಿನ್ನತೆ

ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ ರೋಗಿಯ ಮೈ, ಮನಸ್ಸು, ಸಂಸಾರ, ದುಡಿಮೆ, ನಂಬಿಕೆಗಳ ಮೇಲೆ ಬೀರುವ ಪರಿಣಾಮಗಳ ಅಧ್ಯಯನ ವೈದ್ಯಶಾಸ್ತ್ರದ ಒಂದು ಶಾಖೆಯಾಗಿ ಬೆಳೆದಿದೆ. ಅದರಲ್ಲಿ ಎರಡು ವಿಷಯಗಳು ಮುಖ್ಯ. ಒಂದು, ರೋಗಿ ತನ್ನ ಬದುಕನ್ನು ತಾನೇ ಹೇಗೆ ಕಾಣುತ್ತಾನೆ ಎಂಬ ಬದುಕಿನ ಗುಣಮಟ್ಟ. ಇನ್ನೊಂದು, ಆ ಬದುಕನ್ನು ಬಹಳವಾಗಿ ಕುಗ್ಗಿಸುವ, ಆದರೆ ಚಿಕಿತ್ಸೆಗೆ ಬಗ್ಗುವ ಖಿನ್ನತೆ. ಕ್ಯಾನ್ಸರ್ ಬಂದವರು ಬೇಸರದಲ್ಲಿರುವುದು ಸಹಜ ಎಂಬ ಮಾತು ಜನರಲ್ಲೂ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಅಂಥ ದುಃಖ ಸಹಜವೇ ಹೌದು. ಖಿನ್ನತೆ ಮಾತ್ರ ಬೇರೆಯೇ ಒಂದು ಕಾಯಿಲೆ. ಅದನ್ನೂ ದುಃಖವೆಂದೇ ಎಣಿಸಿ ಬಿಟ್ಟುಬಿಟ್ಟಾಗ ರೋಗಿ ತಡೆಯಬಹುದಾದ ನರಳಿಕೆಯನ್ನು ಅನುಭವಿಸಬೇಕಾಗುತ್ತದೆ. ಈ ಕ್ಷೇತ್ರದಲ್ಲಿ ಭಾರತದಲ್ಲಿ ನಡೆದ ಮೊದಲ ಕೆಲಸದ ಗಣನೀಯ ಭಾಗ ಬೆಂಗಳೂರಿನದು. ಆ ಅರಿವು ಚಿಕ್ಕಬಳ್ಳಾಪುರ ಜಿಲ್ಲೆಯ ಸಾದಲಿಯಂಥ ಹೋಬಳಿಯ ರೋಗಿಗೆ ಎಷ್ಟು ದಕ್ಕಿದೆ ಎಂಬುದನ್ನೂ ಈ ಲೇಖನ ಪರಿಶೀಲಿಸುತ್ತದೆ.

ಪರಿಕಲ್ಪನೆ

ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯಂತೆ, ತಾನು ಬಾಳುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ, ತನ್ನ ಗುರಿ, ನಿರೀಕ್ಷೆ, ಚಿಂತೆಗಳ ಹಿನ್ನೆಲೆಯಲ್ಲಿ, ತನ್ನ ಬದುಕಿನ ಸ್ಥಾನವನ್ನು ವ್ಯಕ್ತಿಯೇ ಗ್ರಹಿಸುವ ರೀತಿಯೇ ಬದುಕಿನ ಗುಣಮಟ್ಟ. ಇದನ್ನು ಹೇಳಬೇಕಾದವರು ರೋಗಿಯೇ. ವೈದ್ಯರ ಅಂದಾಜು, ಮನೆಯವರ ಅಂದಾಜು ಎರಡೂ ರೋಗಿಯ ಮಾತಿಗೆ ಸಮನಾಗುವುದಿಲ್ಲ. ಗಡ್ಡೆ ಕರಗಿದೆ ಎಂದು ಸ್ಕ್ಯಾನ್ ಹೇಳುವ ದಿನವೇ ರೋಗಿ ಊಟ ಸೇರದೆ, ನಿದ್ದೆ ಬಾರದೆ, ಯಾರೊಂದಿಗೂ ಮಾತು ಬೇಡವಾಗಿ ಕೂತಿರಬಹುದು. ರೋಗ ಮುಂದುವರಿದವರೂ ನೋವು ಹತೋಟಿಯಲ್ಲಿದ್ದು ಮಕ್ಕಳು ಮೊಮ್ಮಕ್ಕಳು ಹತ್ತಿರವಿದ್ದರೆ ಬದುಕು ಚೆನ್ನಾಗಿದೆ ಎನ್ನಬಹುದು.

ಖಿನ್ನತೆಯನ್ನು ಗುರುತಿಸಲು ಮನೋವೈದ್ಯರು ಬಳಸುವ ಪ್ರಮಾಣಗಳಲ್ಲಿ ಒಂಬತ್ತು ಲಕ್ಷಣಗಳಿವೆ: ದಿನವಿಡೀ ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಅಥವಾ ತೂಕದಲ್ಲಿ ಬದಲಾವಣೆ, ನಿದ್ದೆಯ ತೊಂದರೆ, ನಡೆನುಡಿಯಲ್ಲಿ ನಿಧಾನ ಅಥವಾ ಚಡಪಡಿಕೆ, ಸುಸ್ತು, ತಾನು ನಿಷ್ಪ್ರಯೋಜಕ ಅಥವಾ ತಪ್ಪಿತಸ್ಥ ಎಂಬ ಭಾವನೆ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಎರಡು ವಾರ ಬಿಡದೆ ಇರಬೇಕು. ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು. ಇಷ್ಟು ತೀವ್ರವಲ್ಲದ, ಆದರೆ ಬದುಕನ್ನು ಬಾಧಿಸುವ ಹೊಂದಾಣಿಕೆಯ ತೊಂದರೆ ಮತ್ತು ಆತಂಕ ಕ್ಯಾನ್ಸರ್ ವಾರ್ಡುಗಳಲ್ಲಿ ಸಾಮಾನ್ಯ.

ಅಧ್ಯಯನದ ಇತಿಹಾಸ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಕ್ಯಾನ್ಸರ್ ಎಂಬ ಹೆಸರನ್ನೇ ರೋಗಿಯ ಮುಂದೆ ಎತ್ತುತ್ತಿರಲಿಲ್ಲ. ಹೆಸರೇ ಆಡದ ಕಡೆ ಅದರಿಂದಾದ ಮನಸ್ಸಿನ ನೋವನ್ನು ಕೇಳುವವರೂ ಇರಲಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ಮೈನೋವು, ಮನೋವ್ಯಥೆ, ಸಾಮಾಜಿಕ ಕಷ್ಟ, ಆಧ್ಯಾತ್ಮಿಕ ತಳಮಳ ಇವೆಲ್ಲ ಸೇರಿದ್ದೇ ರೋಗಿಯ ಪೂರ್ಣ ನೋವು ಎಂದು ತೋರಿಸಿಕೊಟ್ಟರು. 1977ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಜಿಮ್ಮಿ ಹಾಲೆಂಡ್ ಕ್ಯಾನ್ಸರ್ ರೋಗಿಗಳಿಗೆಂದೇ ಮನೋವೈದ್ಯ ವಿಭಾಗ ಕಟ್ಟಿದರು. 1984ರಲ್ಲಿ ಅಂತರರಾಷ್ಟ್ರೀಯ ಸೈಕೋ-ಆಂಕಾಲಜಿ ಸಂಘ ಹುಟ್ಟಿತು.

ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ಒಂದು ಅನುಕೂಲವಿತ್ತು. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ಮತ್ತು 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸ್, ಬೆಂಗಳೂರಿನ ಹೊಸೂರು ರಸ್ತೆಯ ಬಳಿ ನೆರೆಹೊರೆಯ ಆವರಣಗಳಲ್ಲಿವೆ. ಒಂದು ಕಡೆ ರಾಜ್ಯದ ಮೂಲೆಮೂಲೆಯಿಂದ ಬರುವ ಕ್ಯಾನ್ಸರ್ ರೋಗಿಗಳು, ಇನ್ನೊಂದು ಕಡೆ ದೇಶದ ದೊಡ್ಡ ಮನೋವೈದ್ಯಕೀಯ ಸಂಸ್ಥೆ. ನಿಮ್ಹಾನ್ಸ್‌ನ ಮನೋವೈದ್ಯರಾದ ಸಂತೋಷ್ ಕೆ. ಚತುರ್ವೇದಿ ಮತ್ತು ಪ್ರಭಾ ಎಸ್. ಚಂದ್ರ 1990ರ ದಶಕದಲ್ಲಿ ಕ್ಯಾನ್ಸರ್ ರೋಗಿಗಳ ಚಿಂತೆ, ಆತಂಕ, ಖಿನ್ನತೆ, ನೆಮ್ಮದಿಗಳ ಬಗ್ಗೆ ಸರಣಿ ಅಧ್ಯಯನಗಳನ್ನು ಪ್ರಕಟಿಸಿದರು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದವರ ಅಧ್ಯಯನವೂ ಅವುಗಳಲ್ಲಿ ಒಂದು.

1991ರಲ್ಲಿ ಚತುರ್ವೇದಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಒಂದು ತಿರುವು. ಕ್ಯಾನ್ಸರಿನ ಸಂದರ್ಭದಲ್ಲಿ ಭಾರತೀಯರಿಗೆ ಬದುಕಿನಲ್ಲಿ ಯಾವುದು ಮುಖ್ಯ ಎಂದು ಅವರು ಕೇಳಿದರು. ಪಾಶ್ಚಾತ್ಯ ಪ್ರಶ್ನಾವಳಿಗಳು ಮೈಯ ಕಾರ್ಯಶಕ್ತಿಗೆ ಹೆಚ್ಚು ತೂಕ ಕೊಡುತ್ತಿದ್ದ ಕಾಲವದು. ಬಂದ ಉತ್ತರಗಳಲ್ಲಿ ಮೈಯ ಶಕ್ತಿಗಿಂತ ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ, ಮನೆಯವರೊಂದಿಗಿನ ಮತ್ತು ಜನರೊಂದಿಗಿನ ಸಮಾಧಾನದ ಬಾಳು ಮುಂದೆ ನಿಂತವು. ಬೇರೆ ಸಮಾಜದಲ್ಲಿ ತಯಾರಾದ ಅಳತೆಯನ್ನು ಹಾಗೆಯೇ ತಂದರೆ ನಮ್ಮ ರೋಗಿಗೆ ಮುಖ್ಯವಾದದ್ದೇ ಲೆಕ್ಕದಿಂದ ಬಿಟ್ಟುಹೋಗುತ್ತದೆ ಎಂಬ ಎಚ್ಚರ ಇದರಿಂದ ಮೂಡಿತು.

ಅಳತೆಯ ಸಾಧನಗಳು

1940ರ ದಶಕದ ಕೊನೆಯಲ್ಲಿ ಬಂದ ಕಾರ್ನೋಫ್‌ಸ್ಕಿ ಮಾಪಕ ಅತ್ಯಂತ ಹಳೆಯ ಸಾಧನಗಳಲ್ಲಿ ಒಂದು. ರೋಗಿ ಎಷ್ಟು ಓಡಾಡಬಲ್ಲ, ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲನೇ ಎಂಬುದಕ್ಕೆ ವೈದ್ಯರು 0ಯಿಂದ 100ರವರೆಗೆ ಅಂಕ ಕೊಡುತ್ತಾರೆ. ಇದರಲ್ಲಿ ರೋಗಿಯ ಸ್ವಂತ ಮಾತಿಗೆ ಜಾಗವಿಲ್ಲ.

ಆ ಕೊರತೆಯನ್ನು ತುಂಬಿದವು ರೋಗಿಯೇ ಉತ್ತರಿಸುವ ಪ್ರಶ್ನಾವಳಿಗಳು. 1993ರಲ್ಲಿ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಘಟನೆ ಪ್ರಕಟಿಸಿದ ಕ್ಯೂಎಲ್‌ಕ್ಯೂ-ಸಿ30 ಎಂಬುದರಲ್ಲಿ 30 ಪ್ರಶ್ನೆಗಳಿವೆ. ಮೈಯ ಶಕ್ತಿ, ದಿನದ ಕೆಲಸ, ಭಾವನೆ, ಬುದ್ಧಿಯ ಚುರುಕು, ಸಾಮಾಜಿಕ ಬದುಕು ಎಂಬ ಐದು ಭಾಗಗಳನ್ನೂ ಸುಸ್ತು, ನೋವು, ವಾಂತಿ ಮೊದಲಾದ ಲಕ್ಷಣಗಳನ್ನೂ ಅದು ಬೇರೆಬೇರೆಯಾಗಿ ಅಳೆಯುತ್ತದೆ. ಅದೇ ವರ್ಷ ಅಮೆರಿಕದಲ್ಲಿ ಡೇವಿಡ್ ಸೆಲ್ಲಾ ತಂಡ ಫ್ಯಾಕ್ಟ್-ಜಿ ಪ್ರಶ್ನಾವಳಿಯನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಕಿರು ಪ್ರಶ್ನಾವಳಿ ಯಾವ ಕಾಯಿಲೆಯವರಿಗೂ ಬಳಸುವಂಥದು. ಅದರ ಮೂಲರೂಪ ಸಿದ್ಧವಾಗುವಾಗ ದೆಹಲಿ ಮತ್ತು ಮದ್ರಾಸಿನ ಕೇಂದ್ರಗಳೂ ಪಾಲುಗೊಂಡಿದ್ದವು.

ಖಿನ್ನತೆಯ ಪತ್ತೆಗೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಾದದ್ದು 1983ರಲ್ಲಿ ಝಿಗ್ಮಂಡ್ ಮತ್ತು ಸ್ನೇಥ್ ರೂಪಿಸಿದ ಆಸ್ಪತ್ರೆ ಆತಂಕ-ಖಿನ್ನತೆ ಮಾಪಕ. ಅದರ 14 ಪ್ರಶ್ನೆಗಳಲ್ಲಿ ಏಳು ಆತಂಕಕ್ಕೆ, ಏಳು ಖಿನ್ನತೆಗೆ. ಪ್ರತಿ ಭಾಗದಲ್ಲಿ 8ರಿಂದ 10 ಅಂಕ ಬಂದರೆ ಅನುಮಾನ, 11 ಅಥವಾ ಹೆಚ್ಚು ಬಂದರೆ ತಜ್ಞರ ಪರೀಕ್ಷೆ ಅಗತ್ಯ. ಸುಸ್ತು, ಹಸಿವಿನಂಥ ಮೈಯ ಲಕ್ಷಣಗಳನ್ನು ಇದು ಬೇಕೆಂದೇ ಕೈಬಿಟ್ಟಿದೆ. ಅವು ಕ್ಯಾನ್ಸರಿನಿಂದಲೂ ಕೀಮೋದಿಂದಲೂ ಬರುತ್ತವೆ ಎಂಬುದೇ ಕಾರಣ. 2001ರ ಪಿಎಚ್‌ಕ್ಯೂ-9 ಒಂಬತ್ತು ಪ್ರಶ್ನೆಗಳ ಸರಳ ಸಾಧನ. ಮಾಪಕಗಳು ಯಾರನ್ನು ಹೆಚ್ಚು ವಿಚಾರಿಸಬೇಕು ಎಂದಷ್ಟೇ ಹೇಳುತ್ತವೆ. ಖಿನ್ನತೆಯನ್ನು ಖಚಿತಪಡಿಸಲು ಎದುರು ಕೂತು ಮಾತಾಡಲೇಬೇಕು. ಓದುಬರಹ ಬಾರದವರಿಗೆ ಪ್ರಶ್ನೆಗಳನ್ನು ಅವರದೇ ಆಡುನುಡಿಯಲ್ಲಿ ಓದಿ ಹೇಳಬೇಕು.

ವ್ಯಾಪಕತೆ

ಅಲೆಕ್ಸ್ ಮಿಚೆಲ್ ಮತ್ತು ಸಂಗಡಿಗರು ನೇರ ಸಂದರ್ಶನ ಆಧಾರಿತ 94 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಕ್ಯಾನ್ಸರ್ ಆಸ್ಪತ್ರೆಗಳ ರೋಗಿಗಳಲ್ಲಿ ಸುಮಾರು ಶೇ. 16 ಮಂದಿಗೆ ಖಿನ್ನತೆ, ಶೇ. 19ರಷ್ಟು ಮಂದಿಗೆ ಹೊಂದಾಣಿಕೆಯ ತೊಂದರೆ, ಶೇ. 10ರಷ್ಟು ಮಂದಿಗೆ ಆತಂಕದ ಕಾಯಿಲೆ ಇರುತ್ತದೆ. ಮನಸ್ಸಿನ ಒಂದಲ್ಲ ಒಂದು ತೊಂದರೆ ಇರುವವರು ಸುಮಾರು ಶೇ. 38. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ, ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಖಿನ್ನತೆ ಬರುವುದಿಲ್ಲ. ಕ್ಯಾನ್ಸರ್ ಎಂದರೆ ಖಿನ್ನತೆ ಇದ್ದೇ ಇರುತ್ತದೆ ಎಂಬ ಮಾತಿಗೆ ಇದೇ ಉತ್ತರ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ಪ್ರಕರಣಗಳಿವೆ. ಆರರಲ್ಲಿ ಒಬ್ಬರು ಎಂದರೂ ಖಿನ್ನತೆಗೆ ಚಿಕಿತ್ಸೆ ಬೇಕಾದವರು ಎರಡು ಲಕ್ಷ ದಾಟುತ್ತಾರೆ.

ಕಾರಣಗಳು

ಖಿನ್ನತೆಗೆ ಒಂದೇ ಕಾರಣವಿರುವುದಿಲ್ಲ. ಹತೋಟಿಗೆ ಬಾರದ ನೋವು ಬಹುದೊಡ್ಡ ಕಾರಣ. ರಾತ್ರಿಯಿಡೀ ನೋವಿನಿಂದ ಎದ್ದು ಕೂರುವವರ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ಅದೇ ನೋವು ಇಮ್ಮಡಿಯಾಗುತ್ತದೆ. ಮೈಯೊಳಗಿನ ಬದಲಾವಣೆಗಳೂ ಇವೆ. ಉರಿಯೂತದ ವೇಳೆ ಬಿಡುಗಡೆಯಾಗುವ ಸೈಟೊಕೈನುಗಳು ಮಿದುಳಿನ ಮೇಲೆ ಪರಿಣಾಮ ಬೀರಿ ಮಂಕು, ಸುಸ್ತು, ಅನಾಸಕ್ತಿಗಳನ್ನು ತರುತ್ತವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ರೋಗ ಪತ್ತೆಯಾಗುವ ಮೊದಲೇ ಖಿನ್ನತೆ ಕಾಣಿಸಿಕೊಳ್ಳುವುದುಂಟು. ಸ್ಟೀರಾಯ್ಡ್, ಇಂಟರ್‌ಫೆರಾನ್‌ನಂಥ ಔಷಧಗಳು ಮನಸ್ಸನ್ನು ಏರುಪೇರು ಮಾಡಬಲ್ಲವು. ಕುತ್ತಿಗೆಗೆ ವಿಕಿರಣ ಕೊಟ್ಟ ಮೇಲೆ ತಿಂಗಳುಗಳು, ವರ್ಷಗಳು ಕಳೆದು ಥೈರಾಯ್ಡ್ ಗ್ರಂಥಿ ಕುಂದಿದರೆ ಅದೂ ಖಿನ್ನತೆಯಂತೆಯೇ ಕಾಣುತ್ತದೆ. ರಕ್ತಹೀನತೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆಗಳನ್ನೂ ಪರೀಕ್ಷಿಸಬೇಕು.

ಅಂಗನಷ್ಟ ಇನ್ನೊಂದು ಕಾರಣ. ಸ್ತನ ತೆಗೆಸಿಕೊಂಡವರು, ದವಡೆಯ ಭಾಗ ಕಳೆದುಕೊಂಡವರು, ಧ್ವನಿಪೆಟ್ಟಿಗೆ ತೆಗೆದದ್ದರಿಂದ ಮಾತು ಹೋದವರು, ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಳ್ಳಬೇಕಾದವರು ಜನರೆದುರು ಬರಲು ಹಿಂಜರಿಯುತ್ತಾರೆ. ಕನ್ನಡದಲ್ಲಿ ಬಿ.ವಿ. ಭಾರತಿ ಅವರ ‘ಸಾಸಿವೆ ತಂದವಳು’ ಸ್ತನ ಕ್ಯಾನ್ಸರಿನ ಅನುಭವ ಕಥನ. ಇಂಥ ಪುಸ್ತಕಗಳು ಮುಚ್ಚುಮರೆಯಲ್ಲಿದ್ದ ಈ ಸಂಗತಿಗಳನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಮಾತಾಡಲು ದಾರಿ ಮಾಡಿದವು.

ಹಿಂದೆ ಖಿನ್ನತೆ ಬಂದಿದ್ದವರು, ಕುಡಿತದ ಚಟವಿದ್ದವರು, ಒಂಟಿಯಾಗಿ ಬಾಳುವವರು, ಚಿಕ್ಕ ಮಕ್ಕಳ ತಾಯಂದಿರು, ಸಾಲಕ್ಕೆ ಸಿಲುಕಿದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಕ್ಯಾನ್ಸರ್ ಅಂಟುಜಾಡ್ಯ ಎಂಬ ತಪ್ಪು ನಂಬಿಕೆಯಿಂದ ತಟ್ಟೆ ಲೋಟ ಬೇರೆ ಮಾಡುವುದು, ಮನೆಯ ಹುಡುಗಿಯರ ಮದುವೆಗೆ ಅಡ್ಡಿಯಾದೀತೆಂದು ರೋಗ ಮುಚ್ಚಿಡುವುದು, ಹಿಂದೆ ಮಾಡಿದ ಪಾಪದ ಫಲ ಎನ್ನುವುದು ರೋಗಿಯನ್ನು ಇನ್ನಷ್ಟು ಒಂಟಿ ಮಾಡುತ್ತವೆ. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಹರಡುವುದಿಲ್ಲ.

ಗುರುತಿಸುವಿಕೆ

ಕ್ಯಾನ್ಸರ್ ರೋಗಿಯಲ್ಲಿ ಹಸಿವು, ನಿದ್ದೆ, ಸುಸ್ತುಗಳಿಂದಷ್ಟೇ ಖಿನ್ನತೆ ಎನ್ನಲಾಗದು. 1984ರಲ್ಲಿ ಜೀನ್ ಎಂಡಿಕಾಟ್ ಇದಕ್ಕೊಂದು ಪರಿಹಾರ ಸೂಚಿಸಿದರು. ಮೈಯ ಲಕ್ಷಣಗಳ ಬದಲಿಗೆ ಅಳುಮುಖ, ಜನರಿಂದ ದೂರ ಸರಿಯುವುದು, ತನ್ನ ಬಗ್ಗೆಯೇ ಮರುಕ ಮತ್ತು ನಿರಾಶೆ, ಒಳ್ಳೆಯ ಸುದ್ದಿಗೂ ಮುಖ ಅರಳದಿರುವುದು, ಇವನ್ನು ಗಮನಿಸಬೇಕೆಂದರು. ದುಃಖದಲ್ಲಿರುವ ರೋಗಿ ಮೊಮ್ಮಗು ಬಂದಾಗ ನಗುತ್ತಾಳೆ, ಹಬ್ಬದ ಅಡಿಗೆ ವಿಚಾರಿಸುತ್ತಾಳೆ. ಖಿನ್ನತೆಯಲ್ಲಿರುವವಳಿಗೆ ಯಾವುದೂ ತಟ್ಟುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಖಿನ್ನತೆ ಎಂಬ ಹೆಸರು ಹೇಳಿಕೊಂಡು ಯಾರೂ ಬರುವುದಿಲ್ಲ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ಶಕ್ತಿಯಿಲ್ಲ, ಯೋಚನೆ ಜಾಸ್ತಿ, ಯಾಕೋ ಯಾವುದೂ ಬೇಡ ಅನ್ನಿಸುತ್ತೆ, ಇವು ಅವರು ಆಡುವ ಮಾತುಗಳು. ಗಂಡಸರಲ್ಲಿ ಅದು ಸಿಡುಕಾಗಿ, ಮತ್ತೆ ಶುರುವಾದ ಕುಡಿತವಾಗಿ, ಚಿಕಿತ್ಸೆ ಅರ್ಧಕ್ಕೆ ಬಿಡುವ ಹಟವಾಗಿ ಕಾಣಬಹುದು. ಎರಡು ವಾರದಿಂದ ಮನಸ್ಸಿಗೆ ಬೇಜಾರಿದೆಯೇ, ಮೊದಲು ಇಷ್ಟಪಡುತ್ತಿದ್ದ ಕೆಲಸ ಈಗಲೂ ಇಷ್ಟವಾಗುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಲು ಮನೋವೈದ್ಯರೇ ಬೇಕಿಲ್ಲ. ದಾದಿ, ಆಶಾ ಕಾರ್ಯಕರ್ತೆ, ಔಷಧಿ ಕೊಡುವ ವೈದ್ಯರು ಯಾರಾದರೂ ಕೇಳಬಹುದು.

ಸಾದಲಿ ಸೀಮೆಯ ಸ್ಥಿತಿ

ಸಾದಲಿ ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಕನ್ನಡ ತೆಲುಗು ಎರಡೂ ಕೇಳಿಬರುವ, ರೇಷ್ಮೆ, ತರಕಾರಿ, ಹೈನುಗಾರಿಕೆಗಳ ಸೀಮೆ ಇದು. ತಾಲ್ಲೂಕು ಆಸ್ಪತ್ರೆ ಶಿಡ್ಲಘಟ್ಟದಲ್ಲಿ, ಜಿಲ್ಲಾ ಆಸ್ಪತ್ರೆ ಚಿಕ್ಕಬಳ್ಳಾಪುರದಲ್ಲಿ. ಕ್ಯಾನ್ಸರ್ ಚಿಕಿತ್ಸೆಗೆ ಜನ ಬೆಂಗಳೂರಿಗೋ ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗುತ್ತಾರೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ಕಿದ್ವಾಯಿಯಲ್ಲಿ ನಡೆಯುತ್ತ ಬಂದಿದ್ದು, ದೇಶದ ಮೊದಲ ನೋಂದಣಿಗಳಲ್ಲಿ ಒಂದು.

ಅವಿಭಜಿತ ಕೋಲಾರ ಸೀಮೆಯ ವೈದ್ಯರಿಗೆ ಬಾಯಿ ಕ್ಯಾನ್ಸರ್ ಬಹಳ ಪರಿಚಿತ. ಎಲೆ ಅಡಿಕೆ ಸುಣ್ಣದ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ದವಡೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಹಳ್ಳಿಯ ಹೆಂಗಸರಲ್ಲೂ ಇರುವುದರಿಂದ ಇಲ್ಲಿ ಈ ಕ್ಯಾನ್ಸರ್ ಗಂಡಸರಿಗಷ್ಟೇ ಸೀಮಿತವಲ್ಲ. ಬಾಯಿ ಕ್ಯಾನ್ಸರ್ ಬದುಕಿನ ಗುಣಮಟ್ಟವನ್ನು ಕುಗ್ಗಿಸುವ ಬಗೆಯೂ ಬೇರೆ. ಶಸ್ತ್ರಚಿಕಿತ್ಸೆಯಿಂದ ಮುಖದ ಆಕಾರ ಬದಲಾಗುತ್ತದೆ. ವಿಕಿರಣದಿಂದ ಜೊಲ್ಲು ಬತ್ತುತ್ತದೆ, ರುಚಿ ಹೋಗುತ್ತದೆ, ಬಾಯಿ ಪೂರ್ತಿ ತೆರೆಯದಂತಾಗುತ್ತದೆ. ದಿನಕ್ಕೆರಡು ಹೊತ್ತು ರಾಗಿ ಮುದ್ದೆ, ಖಾರದ ಸಾರು ಉಣ್ಣುತ್ತಿದ್ದವರು ಗಂಜಿಗೆ, ಕೆಲವೊಮ್ಮೆ ಮೂಗಿನ ಪೈಪಿನ ಆಹಾರಕ್ಕೆ ಇಳಿಯಬೇಕಾಗುತ್ತದೆ. ಉಣ್ಣುವಾಗ ಬಾಯಿಯಿಂದ ಸೋರುವುದಕ್ಕೆ ನಾಚಿ ಅವರು ಮನೆಯವರ ಜೊತೆ ಕೂರುವುದನ್ನೂ ಮದುವೆ ಮುಂಜಿಗಳಿಗೆ ಹೋಗುವುದನ್ನೂ ಬಿಡುತ್ತಾರೆ. ತಲೆ-ಕುತ್ತಿಗೆ ಕ್ಯಾನ್ಸರಿನವರಲ್ಲಿ ಖಿನ್ನತೆ ಹೆಚ್ಚಿರಲು ಈ ದೂರವಾಗುವಿಕೆ ದೊಡ್ಡ ಕಾರಣ. ಬಾಯಿ ತೆರೆಯುವ ವ್ಯಾಯಾಮ, ನುಂಗುವ ತರಬೇತಿ, ಆಗಾಗ ಗುಟುಕು ನೀರು, ಮೆತ್ತಗೆ ಮಾಡಿ ತುಪ್ಪ ಮಜ್ಜಿಗೆ ಬೆರೆಸಿದ ಊಟ, ಇವು ಹೊಟ್ಟೆಗೂ ಬೇಕು, ಮನಸ್ಸಿಗೂ ಬೇಕು.

ಚಿಕಿತ್ಸೆಯ ವೇಳಾಪಟ್ಟಿ ಮತ್ತು ರೇಷ್ಮೆಯ ವೇಳಾಪಟ್ಟಿ ಹೊಂದುವುದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಜನ ಕರೆಂಟ್ ಎಂದು ಕರೆಯುವ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಸಾದಲಿಯಿಂದ ದಿನವೂ ಹೋಗಿಬರಲು ಆಗದು. ನೆಂಟರ ಮನೆಯಲ್ಲೋ ಧರ್ಮಶಾಲೆಯಲ್ಲೋ ಉಳಿಯಬೇಕು. ಕೀಮೋ ಹಲವು ಬಾರಿ ಮೂರು ವಾರಕ್ಕೊಮ್ಮೆ ಬರುತ್ತದೆ. ಒಂದು ಬೆಳೆಯ ಹುಳು ಮರಿಯಾಗಿ ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ ಬೇಕು. ಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಮೇಲೆ ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕು. ರೋಗಿಯ ಜೊತೆಗೆ ಒಬ್ಬರು ಬೆಂಗಳೂರಿಗೆ ಹೋದರೆ ಮನೆಯ ಎರಡು ದುಡಿಮೆಗಳು ಒಟ್ಟಿಗೆ ನಿಲ್ಲುತ್ತವೆ. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಕೈ ಬಾವು ಬರುತ್ತದೆ. ಹಿಪ್ಪುನೇರಳೆ ಕಡ್ಡಿ ಕತ್ತರಿಸುವುದು, ಸೊಪ್ಪಿನ ಹೊರೆ ಹೊರುವುದು, ಹಾಲು ಕರೆಯುವುದು ಅವರಿಗೆ ಕಷ್ಟ. ನನ್ನಿಂದ ಮನೆಗೆ ಭಾರ ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ. ಖಿನ್ನತೆಯ ಲಕ್ಷಣವಾದ ನಿಷ್ಪ್ರಯೋಜಕತೆಯ ಭಾವನೆಗೂ ಆ ಮಾತಿಗೂ ಬಹಳ ದೂರವಿಲ್ಲ. ಹುಳುಮನೆಯ ಲೆಕ್ಕ ನೋಡಿಕೊಳ್ಳುವುದು, ಗೂಡು ಬಿಡಿಸುವುದರಂಥ ಹಗುರ ಕೆಲಸ ಕೊಟ್ಟು ಅವರನ್ನು ದುಡಿಮೆಯ ಒಳಗೇ ಉಳಿಸಿಕೊಂಡರೆ ಅದೂ ಆರೈಕೆ.

ಹಣದ ಹೊರೆ ಇಳಿಸಲು ಕೆಲವು ಏರ್ಪಾಡುಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಕ್ಯಾನ್ಸರ್ ರೋಗಿಗೆ ರೈಲು ಪ್ರಯಾಣದಲ್ಲಿ ರಿಯಾಯಿತಿ ಇದೆ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಕಳೆದುಹೋದ ಕೂಲಿ, ಹೋಟೆಲಿನ ಊಟ, ಬಿಟ್ಟ ಬೆಳೆ ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ರೋಗಿಯ ಮನಸ್ಸನ್ನು ಕೊರೆಯುವುದು ಹೆಚ್ಚಾಗಿ ಈ ಖರ್ಚುಗಳೇ.

ಕುಟುಂಬ ಮತ್ತು ರೋಗ ಮುಚ್ಚಿಡುವ ರೂಢಿ

ನಮ್ಮಲ್ಲಿ ವೈದ್ಯರು ಮೊದಲು ಮಾತಾಡುವುದು ಮಗನೊಂದಿಗೋ ಅಳಿಯನೊಂದಿಗೋ. ಅಮ್ಮನಿಗೆ ಹೇಳಬೇಡಿ ಸಾರ್, ಎದೆ ಒಡೆದುಕೊಳ್ಳುತ್ತಾಳೆ ಎಂಬ ಬೇಡಿಕೆ ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಕೇಳಿಬರುತ್ತದೆ. ಇದರ ಹಿಂದೆ ಇರುವುದು ಪ್ರೀತಿಯೇ. ಆದರೆ ಕಿದ್ವಾಯಿಯ ಬೋರ್ಡು ಕಂಡ, ಅಕ್ಕಪಕ್ಕದ ಹಾಸಿಗೆಯವರ ಮಾತು ಕೇಳಿದ, ಕೀಮೋದಿಂದ ಕೂದಲು ಉದುರಿದ ರೋಗಿಗೆ ವಿಷಯ ಬಹುಪಾಲು ಗೊತ್ತಾಗಿಯೇ ಇರುತ್ತದೆ. ಮನೆಯವರು ಅವಳಿಗಾಗಿ, ಅವಳು ಮನೆಯವರಿಗಾಗಿ ಸುಮ್ಮನಿದ್ದು, ಎಲ್ಲರೂ ಒಂಟಿಯಾಗಿ ಅಳುತ್ತಾರೆ. ಚತುರ್ವೇದಿ, ಕಾರ್ಮೆನ್ ಲೋಸೆಲ್ ಮತ್ತು ಪ್ರಭಾ ಚಂದ್ರ 2009ರಲ್ಲಿ ಈ ಮುಚ್ಚುಮರೆಯನ್ನು ಬೇರೆಬೇರೆ ಸಂಸ್ಕೃತಿಗಳ ಹಿನ್ನೆಲೆಯಲ್ಲಿ ವಿವೇಚಿಸಿದ್ದಾರೆ.

ಒಂದೇ ಏಟಿಗೆ ಎಲ್ಲ ಹೇಳುವುದು ಇದಕ್ಕೆ ಪರಿಹಾರವಲ್ಲ. ಮನೆಯವರ ಭಯವನ್ನು ಮೊದಲು ಕೇಳಬೇಕು. ಆಮೇಲೆ ರೋಗಿಗೆ ಏನು ಗೊತ್ತಿದೆ, ಎಷ್ಟು ತಿಳಿಯಬೇಕೆಂದಿದೆ ಎಂದು ಅವರನ್ನೇ ವಿಚಾರಿಸಿ, ಅವರು ಕೇಳಿದಷ್ಟನ್ನು ಅವರ ವೇಗದಲ್ಲಿ ತಿಳಿಸಬೇಕು. ತಿಳಿಯುವುದು ಬೇಡ, ಮಗನಿಗೆ ಹೇಳಿ ಎನ್ನುವ ರೋಗಿಯ ಇಷ್ಟಕ್ಕೂ ಬೆಲೆ ಕೊಡಬೇಕು.

ಆರೈಕೆ ಮಾಡುವವರಲ್ಲೂ ಖಿನ್ನತೆ ಸಾಮಾನ್ಯ. ಹೆಂಡತಿಗೆ ಕಾಯಿಲೆಯಾದರೆ ಗಂಡ, ಅತ್ತೆಗಾದರೆ ಸೊಸೆ, ತಾಯಿಗಾದರೆ ಶಾಲೆ ಬಿಟ್ಟ ಮಗಳು ಹಗಲುರಾತ್ರಿ ಎನ್ನದೆ ನೋಡಿಕೊಳ್ಳುತ್ತಾರೆ. ನೀನು ಹೇಗಿದ್ದೀಯಮ್ಮ ಎಂದು ಅವರನ್ನು ಕೇಳುವುದನ್ನೂ ಚಿಕಿತ್ಸೆಯ ಭಾಗವಾಗಿ ಎಣಿಸಬೇಕು.

ಚಿಕಿತ್ಸೆ

ಮೊದಲ ಹೆಜ್ಜೆ ಮೈಯ ಸಂಕಟ ಇಳಿಸುವುದು. ನೋವು, ವಾಂತಿ, ನಿದ್ರಾಹೀನತೆ ಹತೋಟಿಗೆ ಬಂದರೆ ಅನೇಕರ ಮನಸ್ಸು ತಾನಾಗಿ ತಿಳಿಯಾಗುತ್ತದೆ. ಉಳಿದ ಖಿನ್ನತೆಗೆ ಆಪ್ತಸಮಾಲೋಚನೆ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಎದುರಾದ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಕಲಿಸುವ ಚಿಕಿತ್ಸೆ ಮತ್ತು ಔಷಧಗಳಿವೆ. ಕೆನಡಾದ ಹಾರ್ವೆ ಚೊಚಿನೋವ್ ರೂಪಿಸಿದ ಘನತೆ ಚಿಕಿತ್ಸೆಯಲ್ಲಿ ಕೊನೆಯ ಹಂತದ ರೋಗಿ ತನ್ನ ಬಾಳಿನ ಮುಖ್ಯ ನೆನಪುಗಳನ್ನೂ ಮಕ್ಕಳಿಗೆ ಹೇಳಬೇಕಾದ ಮಾತನ್ನೂ ಹೇಳಿ ಬರೆಸುತ್ತಾನೆ.

ಔಷಧಗಳಲ್ಲಿ ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಸಾಮಾನ್ಯ ಬಳಕೆಯವು. ಹಸಿವು ನಿದ್ದೆ ಎರಡೂ ಕೆಟ್ಟವರಿಗೆ ಮಿರ್ಟಾಜಪಿನ್, ನರದ ಉರಿನೋವು ಇರುವವರಿಗೆ ಡ್ಯುಲೊಕ್ಸೆಟಿನ್ ಉಪಯುಕ್ತ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಹೆಚ್ಚು ಬೇಕು. ಅಷ್ಟರಲ್ಲಿ ಮಾತ್ರೆ ಬಿಡಬಾರದು. ಇವು ಚಟ ಹಿಡಿಸುವ ಮಾತ್ರೆಗಳಲ್ಲ, ಆದರೂ ನಿಲ್ಲಿಸುವಾಗ ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಸೇವಿಸುವವರಿಗೆ ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್ ಸಾಮಾನ್ಯವಾಗಿ ಕೊಡುವುದಿಲ್ಲ. ಟ್ಯಾಮಾಕ್ಸಿಫೆನ್ ಮೈಯಲ್ಲಿ ಸಕ್ರಿಯ ರೂಪಕ್ಕೆ ಬರುವುದನ್ನು ಅವು ತಡೆಯುತ್ತವೆ.

ವ್ಯವಸ್ಥಿತವಾಗಿ ಆರೈಕೆ ಮಾಡಿದರೆ ಫಲ ಎಷ್ಟು ಎಂಬುದಕ್ಕೆ 2014ರಲ್ಲಿ ಮೈಕಲ್ ಶಾರ್ಪ್ ತಂಡ ಸ್ಕಾಟ್ಲೆಂಡಿನ 500 ರೋಗಿಗಳಲ್ಲಿ ನಡೆಸಿದ ಪರೀಕ್ಷೆ ಸಾಕ್ಷಿ. ತರಬೇತಾದ ಕ್ಯಾನ್ಸರ್ ದಾದಿಯರು ಮನೋವೈದ್ಯರ ಮೇಲ್ವಿಚಾರಣೆಯಲ್ಲಿ, ಕುಟುಂಬ ವೈದ್ಯರ ಜೊತೆಗೂಡಿ ನೋಡಿಕೊಂಡ ಗುಂಪಿನಲ್ಲಿ 24 ವಾರಗಳ ಹೊತ್ತಿಗೆ ಶೇ. 62 ಮಂದಿಯ ಖಿನ್ನತೆ ಕನಿಷ್ಠ ಅರ್ಧದಷ್ಟು ಇಳಿದಿತ್ತು. ಮಾಮೂಲಿ ಆರೈಕೆ ಪಡೆದವರಲ್ಲಿ ಈ ಪ್ರಮಾಣ ಶೇ. 17 ಮಾತ್ರ. ಮನೋವೈದ್ಯರು ಕಡಿಮೆಯಿರುವ ಜಿಲ್ಲೆಗಳಿಗೆ ಈ ಮಾದರಿ ಬಹಳ ಹೊಂದುತ್ತದೆ, ಏಕೆಂದರೆ ಹೆಚ್ಚಿನ ಕೆಲಸ ದಾದಿಯರದು.

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ನಗರದ ಆಸ್ಪತ್ರೆಗಳ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗದ ಪರಿಣಾಮ ಪರೀಕ್ಷಿಸಿದ್ದಾರೆ. 2009ರಲ್ಲಿ ಎಚ್.ಎಸ್. ವಾದಿರಾಜ ಮತ್ತು ಸಂಗಡಿಗರು ಪ್ರಕಟಿಸಿದ, ವಿಕಿರಣ ಪಡೆಯುತ್ತಿದ್ದ 88 ಮಹಿಳೆಯರ ಅಧ್ಯಯನದಲ್ಲಿ ಯೋಗಾಭ್ಯಾಸ ಮಾಡಿದವರ ಭಾವಸ್ಥಿತಿಯೂ ಬದುಕಿನ ಗುಣಮಟ್ಟವೂ ಸುಧಾರಿಸಿದ್ದು ಕಂಡಿತು. ಯೋಗ, ನಡಿಗೆ, ಭಜನೆಯ ಕೂಟಗಳು ಕ್ಯಾನ್ಸರ್ ಚಿಕಿತ್ಸೆಗೆ ಬದಲಿಯಾಗಲಾರವು, ಜೊತೆಯಲ್ಲಿ ನೆರವಾಗಬಲ್ಲವು.

ಧೈರ್ಯವಾಗಿದ್ದರೆ ಕ್ಯಾನ್ಸರ್ ಗೆಲ್ಲಬಹುದು ಎಂಬ ಮಾತನ್ನು ಎಚ್ಚರದಿಂದ ಆಡಬೇಕು. 2007ರಲ್ಲಿ ಜೇಮ್ಸ್ ಕಾಯ್ನ್ ತಂಡ 1,093 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳನ್ನು ಅಭ್ಯಸಿಸಿದಾಗ, ಭಾವನಾತ್ಮಕ ನೆಮ್ಮದಿಗೂ ಬದುಕುಳಿಯುವ ಅವಧಿಗೂ ಸಂಬಂಧ ಕಾಣಲಿಲ್ಲ. ಖಿನ್ನತೆಯಿರುವವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಬೇರೆ ಅಧ್ಯಯನಗಳು ಹೇಳುತ್ತವೆ. ಚಿಕಿತ್ಸೆ ಅರ್ಧಕ್ಕೆ ಬಿಡುವುದು, ಊಟ ಬಿಡುವುದು ಅದಕ್ಕೆ ಕಾರಣಗಳಲ್ಲಿ ಸೇರಿರಬಹುದು. ಏನೇ ಆಗಲಿ, ರೋಗ ಮರುಕಳಿಸಿದರೆ ನಿನಗೆ ಧೈರ್ಯ ಸಾಲಲಿಲ್ಲ ಎಂಬ ತಪ್ಪನ್ನು ರೋಗಿಯ ಮೇಲೆ ಹೊರಿಸುವಂತಿಲ್ಲ. ಮನಸ್ಸಿಗೆ ಚಿಕಿತ್ಸೆ ಕೊಡಲು ಆಯಸ್ಸು ಹೆಚ್ಚಬೇಕೆಂಬ ಷರತ್ತು ಬೇಕಿಲ್ಲ. ನರಳಿಕೆ ಕಡಿಮೆಯಾಗುವುದೇ ಸಾಕಷ್ಟು ಕಾರಣ.

ಆತ್ಮಹತ್ಯೆಯ ತಡೆ

ಸ್ವೀಡನ್ನಿನ ಸುಮಾರು 60 ಲಕ್ಷ ಜನರ ದಾಖಲೆ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕ್ಯಾನ್ಸರ್ ಎಂದು ತಿಳಿದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯ ಕ್ಯಾನ್ಸರ್ ಇಲ್ಲದವರಿಗಿಂತ 12 ಪಟ್ಟಿಗೂ ಹೆಚ್ಚು, ಮೊದಲ ವರ್ಷದಲ್ಲಿ ಸುಮಾರು ಮೂರು ಪಟ್ಟು. ಸುದ್ದಿ ತಿಳಿಸಿದ ದಿನವೇ ಬೆಂಬಲವೂ ಶುರುವಾಗಬೇಕು ಎಂಬುದು ಇದರ ಪಾಠ. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದವರಿದ್ದಾರೆ ಎಂಬುದೇ ಹಲವರಿಗೆ ನಿರಾಳ. ಅಂಥ ಮಾತು ಆಡಿದವರನ್ನು ಒಂಟಿಯಾಗಿ ಬಿಡದೆ, ಕೃಷಿ ಔಷಧಿ ಮತ್ತು ಮಾತ್ರೆಗಳನ್ನು ಬೀಗದಲ್ಲಿಟ್ಟು, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯ ಬದಲು ಆರೈಕೆ ಸಿಗಬೇಕು.

ಉಪಶಾಮಕ ಆರೈಕೆ

ನೋವು ಮತ್ತು ಸಂಕಟ ತಗ್ಗಿಸಿ ಬದುಕಿನ ಗುಣಮಟ್ಟ ಕಾಯುವ ಉಪಶಾಮಕ ಆರೈಕೆಯನ್ನು ಸಾಯುವ ಕಾಲದ ಚಿಕಿತ್ಸೆ ಎಂದು ಭಾವಿಸುವುದು ತಪ್ಪು. 2010ರಲ್ಲಿ ಜೆನಿಫರ್ ಟೆಮೆಲ್ ತಂಡ ಅಮೆರಿಕದ 151 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, ರೋಗ ಪತ್ತೆಯಾದಾಗಿನಿಂದಲೇ ಈ ಆರೈಕೆ ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳಿದ್ದವರು ಶೇ. 16, ಪಡೆಯದವರಲ್ಲಿ ಶೇ. 38. ಪಡೆದವರು ಕೆಲವು ತಿಂಗಳು ಹೆಚ್ಚು ಬದುಕಿದರು ಕೂಡ.

ಬೆಂಗಳೂರಿನಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಸ್ಥಾಪಿಸಿದವು. ಅದರ ಕರುಣಾಶ್ರಯ 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಒಳರೋಗಿಗಳಾಗಿ ಸೇರಿಸಿಕೊಂಡು ಉಚಿತವಾಗಿ ನೋಡಿಕೊಳ್ಳುತ್ತಿದೆ. ಮನೆಗೇ ಹೋಗಿ ಆರೈಕೆ ಮಾಡುವ ತಂಡಗಳೂ ಅಲ್ಲಿವೆ. ನೋವಿಗೆ ಮುಖ್ಯ ಔಷಧವಾದ ಮಾರ್ಫಿನ್ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ರೋಗಿಗಳಿಗೆ ಸಿಗದಂತಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು.

ಆಗಬೇಕಾದ ಕೆಲಸ

ಮಾನಸಿಕ ಆರೋಗ್ಯವನ್ನು ಜಿಲ್ಲೆಗೆ ಒಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಆಯಿತು. ಕೋಲಾರ ಜಿಲ್ಲೆಯಲ್ಲಿ 2024ರಲ್ಲಿ ಮೊದಲಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಹೋಗಿ ರೋಗಗಳ ತಪಾಸಣೆ ಮಾಡುವ ಉದ್ದೇಶದ್ದು.

ಬಿಡಿಬಿಡಿಯಾಗಿರುವ ಈ ಎಳೆಗಳನ್ನು ಕ್ಯಾನ್ಸರ್ ರೋಗಿಯ ಸುತ್ತ ಸೇರಿಸುವುದು ಉಳಿದಿರುವ ಕೆಲಸ. ಬೆಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತದ ಎಣಿಕೆಯ ಜೊತೆಗೆ ಮನಸ್ಸಿನ ಸ್ಥಿತಿಯ ಬಗ್ಗೆಯೂ ಒಂದು ಸಾಲು ಇರಬೇಕು. ಆ ಚೀಟಿಯ ವಿವರ ಸಾದಲಿ ಭಾಗದ ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೂ ಆಶಾ ಕಾರ್ಯಕರ್ತೆಗೂ ತಲುಪಬೇಕು. ತಿಂಗಳಿಗೊಮ್ಮೆಯಾದರೂ ಅವರು ನೋವು, ನಿದ್ದೆ, ಊಟ, ಮನಸ್ಸು ಈ ನಾಲ್ಕನ್ನು ಕನ್ನಡದಲ್ಲೋ ತೆಲುಗಿನಲ್ಲೋ ವಿಚಾರಿಸಿ, ಅಗತ್ಯವಿದ್ದವರನ್ನು ಶಿಡ್ಲಘಟ್ಟದ ಮನೋವೈದ್ಯರ ದಿನಕ್ಕೆ ಕಳಿಸಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ದುಬಾರಿ ಔಷಧವೂ ಬೇಕಿಲ್ಲ. ಖಿನ್ನತೆಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವಂಥವೇ. ಕ್ಯಾನ್ಸರ್ ಚಿಕಿತ್ಸೆ ಫಲಿಸಿತೇ ಎಂಬುದನ್ನು ಗಡ್ಡೆಯ ಅಳತೆಯಿಂದ ಹೇಳುವಂತೆ, ಆ ಮನುಷ್ಯ ಮತ್ತೆ ಮನೆಯವರೊಂದಿಗೆ ಕೂತು ಉಣ್ಣುತ್ತಿದ್ದಾನೆಯೇ, ನಿದ್ದೆ ಮಾಡುತ್ತಿದ್ದಾನೆಯೇ, ನಾಳೆಯ ಕೆಲಸದ ಮಾತಾಡುತ್ತಿದ್ದಾನೆಯೇ ಎಂಬುದರಿಂದಲೂ ಹೇಳುವ ಪದ್ಧತಿ ಬಂದಾಗ ಆರೈಕೆ ಪೂರ್ಣವಾಗುತ್ತದೆ.